ಜರ್ಮನ್ ಗ್ರಾಮೀಣ ಭೂದೃಶ್ಯ ಚಿತ್ರಕಲೆ: 19ನೆಯ ಶತಮಾನ

ಜರ್ಮನ್ ಮಾತನಾಡುವ ನಾಡುಗಳಲ್ಲಿ ಸುಮಾರು 1800ರಿಂದ 1900ರ ವರೆಗೆ ಬೆಳೆದುಬಂದ ಚಿತ್ರಪರಂಪರೆ. ಹಳ್ಳಿ, ಹುಲ್ಲುಗಾವಲು, ಹೊಳೆ, ಕಾಡಂಚು, ನೀರುಗಿರಣಿ, ಮೇಯುವ ಕುರಿ ದನ ಇವೇ ಇದರ ವಸ್ತು. ಯುದ್ಧ, ಪುರಾಣ, ಬೈಬಲ್ಲಿನ ಪ್ರಸಂಗಗಳನ್ನು ಬರೆಯುವವನೇ ದೊಡ್ಡ ಕಲಾವಿದ ಎಂದು ಅಕಾಡೆಮಿಗಳು ಕಲಿಸುತ್ತಿದ್ದ ಕಾಲವದು. ಏನೂ ನಡೆಯದ ಒಂದು ಬೆಳಗು, ಮರಕ್ಕೆ ಒರಗಿ ನಿಂತ ಒಬ್ಬ ಕುರುಬ, ದಡ ಬಿಟ್ಟು ಹೊರಟ ಒಂದು ದೋಣಿ, ಇಷ್ಟರಿಂದಲೇ ಗಂಭೀರವಾದ ಚಿತ್ರ ಹುಟ್ಟಬಲ್ಲದು ಎಂಬುದನ್ನು ಈ ಪರಂಪರೆಯವರು ತೋರಿಸಿದರು. ಕಾಸ್ಪರ್ ಡೇವಿಡ್ ಫ್ರೀಡ್ರಿಕ್ (1774–1840), ಲುಡ್ವಿಗ್ ರಿಕ್ಟರ್ (1803–84), ಕಾರ್ಲ್ ಬ್ಲೆಖೆನ್ (1798–1840), ಯೊಹಾನ್ ವಿಲ್‌ಹೆಲ್ಮ್ ಶಿರ್ಮರ್ (1807–63), ಕಾರ್ಲ್ ಸ್ಪಿಟ್ಸ್‌ವೇಗ್ (1808–85), ಹಾನ್ಸ್ ತೋಮಾ (1839–1924) ಇವರಲ್ಲಿ ಮುಖ್ಯರು.

ಜರ್ಮನಿ ಎಂಬ ಒಂದೇ ರಾಜ್ಯ 1871ಕ್ಕೆ ಮೊದಲು ಇರಲಿಲ್ಲ. ನೆಪೋಲಿಯನ್ನನ ಸೋಲಿನ ಬಳಿಕ 1815ರಲ್ಲಿ ಏರ್ಪಟ್ಟ ಜರ್ಮನ್ ಒಕ್ಕೂಟದಲ್ಲಿ ಸುಮಾರು 39 ಸಂಸ್ಥಾನಗಳೂ ಸ್ವತಂತ್ರ ನಗರಗಳೂ ಸೇರಿದ್ದವು. ಫ್ರಾನ್ಸಿನ ಕಲೆಗೆ ಪ್ಯಾರಿಸ್ ಇದ್ದಂತೆ ಇಲ್ಲಿ ಒಂದೇ ಕೇಂದ್ರವಿರಲಿಲ್ಲ. ಡ್ರೆಸ್ಡನ್, ಬರ್ಲಿನ್, ಡ್ಯುಸೆಲ್ಡಾರ್ಫ್, ಮ್ಯೂನಿಕ್, ಕಾರ್ಲ್ಸ್‌ರೂಹ ಒಂದೊಂದರಲ್ಲೂ ಬೇರೆ ಅಕಾಡೆಮಿ, ಬೇರೆ ಗುರುಪರಂಪರೆ, ಬೇರೆ ಕೊಳ್ಳುಗರು. ಹೀಗಾಗಿ ಇದನ್ನು ಒಂದು ಶೈಲಿ ಎನ್ನುವುದು ಕಷ್ಟ. ಒಂದೇ ವಸ್ತುವಿನ ಸುತ್ತ ಬೆಳೆದ ಹಲವು ಪ್ರಾಂತೀಯ ರೂಢಿಗಳು ಎನ್ನಬಹುದು.

ಈ ಚಿತ್ರಗಳಲ್ಲಿ ಕಾಣುವ ಶಾಂತಿಯನ್ನು ಆ ಕಾಲದ ಹಳ್ಳಿಯ ದಾಖಲೆ ಎಂದು ನಂಬಿದವರು ಮೋಸಹೋಗುತ್ತಾರೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯದ ತಂಬೋರ ಜ್ವಾಲಾಮುಖಿ ಸಿಡಿದು, ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರದೆ, 1816–17ರಲ್ಲಿ ದಕ್ಷಿಣ ಜರ್ಮನಿಯ ಹಳ್ಳಿಗಳು ಹಸಿವಿನಿಂದ ನರಳಿದವು. 1846–47ರಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಮತ್ತೆ ಕ್ಷಾಮ ಬಂತು. ಪ್ರಶ್ಯದಲ್ಲಿ 1807ರ ರಾಜಾಜ್ಞೆ ರೈತರನ್ನು ಜೀತದಿಂದ ಬಿಡಿಸಿತು; ಆದರೆ ಬಿಡುಗಡೆಗೆ ಬೆಲೆಯಾಗಿ ಬಹಳ ಮಂದಿ ತಮ್ಮ ನೆಲದ ಒಂದು ಪಾಲನ್ನು ಜಮೀನುದಾರರಿಗೆ ಬಿಟ್ಟುಕೊಡಬೇಕಾಯಿತು. ಶತಮಾನದ ನಡುವಿನಲ್ಲಿ ಲಕ್ಷಾಂತರ ಮಂದಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಇಂಥ ನೂರು ವರ್ಷಗಳಲ್ಲಿ ಚಿತ್ರಕಾರರು ಹಳ್ಳಿಯಿಂದ ಆರಿಸಿಕೊಂಡದ್ದೇನು ಎಂದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಬಹುಮಟ್ಟಿಗೆ ಅವರು ಬರೆದದ್ದು ಕಣ್ಣೆದುರೇ ಕೈತಪ್ಪಿ ಹೋಗುತ್ತಿದ್ದುದನ್ನು.

ಹಿಂದಿನ ಮಾದರಿಗಳು

ಜರ್ಮನ್ ಚಿತ್ರಕಾರರ ಕಣ್ಣಮುಂದೆ ಎರಡು ಮಾದರಿಗಳಿದ್ದವು. 17ನೆಯ ಶತಮಾನದ ಡಚ್ಚರು ತಮ್ಮ ಬಯಲನ್ನು, ಮೋಡವನ್ನು, ದನವನ್ನು ಇದ್ದದ್ದಿದ್ದಂತೆ ಬರೆದಿದ್ದರು. ರಾಯ್ಸ್‌ಡಾಲ್‌ನ ಚಿತ್ರಗಳು ಡ್ರೆಸ್ಡನ್ನಿನ ರಾಜಸಂಗ್ರಹದಲ್ಲಿಯೇ ಇದ್ದವು. ಇಟಲಿಯಲ್ಲಿ ನೆಲೆಸಿದ್ದ ಫ್ರೆಂಚ್ ಕಲಾವಿದ ಕ್ಲೋಡ್ ಲೊರೇನ್‌ನದು ಇನ್ನೊಂದು ದಾರಿ: ಎರಡು ಬದಿಗೆ ಮರ, ನಡುವೆ ನೀರು, ದೂರದಲ್ಲಿ ಹೊಂಬಿಸಿಲು. 18ನೆಯ ಶತಮಾನದ ಕೊನೆಗೆ ಭೂದೃಶ್ಯ ಕಲಿಯಬೇಕೆಂದವರು ರೋಮಿಗೆ ಹೋಗುತ್ತಿದ್ದರು. ಅಲ್ಲಿದ್ದ ಟಿರೋಲ್ ಪ್ರಾಂತದ ಯೋಸೆಫ್ ಆಂಟನ್ ಕೋಖ್ ಬೆಟ್ಟಬಂಡೆಗಳ ವೀರೋಚಿತ ಭೂದೃಶ್ಯವನ್ನು ಕಲಿಸುತ್ತಿದ್ದ. ತಮ್ಮ ಊರಿನ ಹೊಲದ ಬದುವಿನ ಕಡೆಗೆ ತಿರುಗಬೇಕಾದರೆ ಜರ್ಮನ್ನರು ಮೊದಲು ಇಟಲಿಯ ಮೋಹವನ್ನು ಕಳಚಿಕೊಳ್ಳಬೇಕಿತ್ತು. ಫ್ರೀಡ್ರಿಕ್ ಇಟಲಿಗೆ ಹೋಗಲೇ ಇಲ್ಲ. ರಿಕ್ಟರ್ ಹೋಗಿ ಬಂದ. ಹಿಂತಿರುಗಿದ ಮೇಲೆ ಆ ಮೋಹ ಬಿಡಲು ಅವನಿಗೆ ಎಂಟು ವರ್ಷ ಹಿಡಿಯಿತು.

ಫ್ರೀಡ್ರಿಕ್: ಒಂಟಿ ಮರ

ಬಾಲ್ಟಿಕ್ ತೀರದ ಗ್ರೈಫ್ಸ್‌ವಾಲ್ಡ್‌ನಲ್ಲಿ ಸಾಬೂನು ಮತ್ತು ಮೇಣದಬತ್ತಿ ತಯಾರಿಸುವವನ ಮಗನಾಗಿ ಹುಟ್ಟಿದ ಫ್ರೀಡ್ರಿಕ್, ಕೋಪನ್‌ಹೇಗನ್ ಅಕಾಡೆಮಿಯಲ್ಲಿ ಕಲಿತು 1798ರಿಂದ ಡ್ರೆಸ್ಡನ್ನಿನಲ್ಲಿ ನೆಲೆಸಿದ. ಅವನು ಹುಟ್ಟಿದಾಗ ಆ ಊರು ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. 1815ರಲ್ಲಿ ಪ್ರಶ್ಯಕ್ಕೆ ಸೇರಿತು. ಪಾಳುಬಿದ್ದ ಮಠ, ಮಂಜಿನ ಕಡಲು, ಬೆನ್ನು ತಿರುಗಿಸಿ ನಿಂತ ಪಯಣಿಗ ಇವುಗಳಿಂದ ಇವನ ಹೆಸರು ಇಂದು ಪ್ರಸಿದ್ಧ. ಹಳ್ಳಿಯ ನೆಲವನ್ನು ಬರೆದ ಚಿತ್ರಗಳು ಎಣಿಕೆಯಲ್ಲಿ ಕಡಿಮೆ. ಆದರೆ ಅವುಗಳಲ್ಲೊಂದನ್ನು ಬಿಟ್ಟು ಈ ಪರಂಪರೆಯ ಮಾತನ್ನು ಆಡುವಂತಿಲ್ಲ.

ಬರ್ಲಿನ್ನಿನ ಬ್ಯಾಂಕರ್ ಯೋಆಖಿಮ್ ಹೈನ್ರಿಕ್ ವಿಲ್‌ಹೆಲ್ಮ್ ವಾಗೆನರ್ ಹೇಳಿ ಬರೆಸಿದ ಜೋಡಿ ಚಿತ್ರಗಳಲ್ಲಿ ಬೆಳಗಿನದು ‘ಒಂಟಿ ಮರ’ (1822, 55×71 ಸೆಂ.ಮೀ.), ಸಂಜೆಯದು ಕಡಲ ಮೇಲಿನ ಚಂದ್ರೋದಯ. ‘ಒಂಟಿ ಮರ’ದ ನಟ್ಟನಡುವೆ ಹಳೆಯ ಓಕ್ ಮರ. ಕೆಳಗಿನ ಕೊಂಬೆಗಳಲ್ಲಿ ಎಲೆ ತುಂಬಿದೆ, ತುದಿ ಒಣಗಿ ಬೋಳಾಗಿದೆ. ಬುಡಕ್ಕೆ ಒರಗಿ ಒಬ್ಬ ಕುರುಬ ನಿಂತಿದ್ದಾನೆ, ಸುತ್ತ ಕುರಿಗಳು ಮೇಯುತ್ತಿವೆ. ಮುಂದೆ ಆಕಾಶದ ಬೆಳಕು ಹಿಡಿದ ಒಂದು ಕೊಳ, ಆಚೆ ಹಸಿರು ಬಯಲು, ಮರಗಳ ನಡುವೆ ಅಡಗಿದ ಮನೆಗಳು, ಅವುಗಳ ಹಿಂದೆ ನೀಲಿ ಬೆಟ್ಟದ ಸಾಲು. ಮೊದಲ ನೋಟಕ್ಕೆ ಎಲ್ಲವೂ ನೆಮ್ಮದಿ. ನೋಡುತ್ತ ನಿಂತರೆ ಕಣ್ಣು ಆ ಬೋಳು ತುದಿಯ ಮೇಲೆಯೇ ಹೋಗಿ ನಿಲ್ಲುತ್ತದೆ. ಕುರುಬ ಅದರ ಮುಂದೆ ಬೆರಳಿನಷ್ಟೂ ದೊಡ್ಡವನಲ್ಲ. ಮರ ಅವನಿಗಿಂತ ಹಿಂದಿನಿಂದ ಇದೆ, ಸಾಯಲು ಶುರುವಾಗಿದೆ, ಆದರೂ ಅವನಿಗೆ ಆಸರೆಯಾಗಿದೆ. ಇದನ್ನು ಕೆಲವರು ಜರ್ಮನ್ ನಾಡಿನ ಸಂಕೇತ ಎಂದರು, ಕೆಲವರು ಕ್ರೈಸ್ತ ಶ್ರದ್ಧೆಯ ಸಂಕೇತ ಎಂದರು. ಫ್ರೀಡ್ರಿಕ್ ಇಂಥ ಓದುಗಳಿಗೆ ಎಡೆಮಾಡುವವನೇ ಹೌದು. ಆದರೂ ಸಂಕೇತ ಹುಡುಕುವ ಆತುರದಲ್ಲಿ ಚಿತ್ರದ ನೆಲವನ್ನು ಮರೆಯಬಾರದು.

ಆ ನೆಲ ಯಾವುದು? ಹೀಗೆ ಬಿಡಿಬಿಡಿಯಾಗಿ ಹಳೆಯ ಓಕ್ ಮರಗಳನ್ನು ಉಳಿಸಿಕೊಂಡು ಕೆಳಗೆ ಕುರಿ, ಹಂದಿ, ದನಗಳನ್ನು ಮೇಯಿಸುವುದು ಮಧ್ಯ ಯೂರೋಪಿನ ಹಳೆಯ ಪದ್ಧತಿ. ನಮ್ಮ ಗೋಮಾಳಗಳ ಹಾಗೆ ಅಂಥ ಮೇವಿನ ನೆಲ ಬಹಳ ಕಡೆ ಊರಿಗೆಲ್ಲ ಸೇರಿದ್ದಾಗಿತ್ತು. ಪ್ರಶ್ಯ ಸರ್ಕಾರ 1821ರ ಜೂನ್‌ನಲ್ಲಿ ಒಂದು ಕಾನೂನು ಮಾಡಿ ಇಂಥ ಸಾಮೂಹಿಕ ನೆಲಗಳನ್ನು ಖಾಸಗಿ ತುಂಡುಗಳಾಗಿ ಹಂಚಲು ದಾರಿ ತೆರೆಯಿತು. ಡ್ರೆಸ್ಡನ್ನಿಗೆ ಹತ್ತಿರದ ಥಾರಾಂಟ್‌ನಲ್ಲಿ ಹೈನ್ರಿಕ್ ಕೋಟಾ ಅದಾಗಲೇ ಅರಣ್ಯಶಾಲೆ ನಡೆಸುತ್ತಿದ್ದ. ಮುಂದಿನ ದಶಕಗಳಲ್ಲಿ ಮೇವಿನ ಕಾಡುಗಳ ಜಾಗದಲ್ಲಿ ಸ್ಪ್ರೂಸ್ ಮರಗಳು ಸಾಲುಸಾಲಾಗಿ ಎದ್ದವು, ಕುರಿಗಳಿಗೆ ಕಾಡಿನೊಳಗೆ ಪ್ರವೇಶ ತಪ್ಪಿತು. ಫ್ರೀಡ್ರಿಕ್ ಆ ಕಾನೂನನ್ನು ಕುರಿತು ಚಿತ್ರ ಬರೆದ ಎಂದು ಹೇಳುವುದು ಅತಿಯಾಗುತ್ತದೆ. ಚಿತ್ರದ ಜಾಗವೂ ನಕ್ಷೆಯಲ್ಲಿ ಗುರುತಿಸಬಹುದಾದದ್ದಲ್ಲ. ಆದರೆ ಬರ್ಲಿನ್ನಿನ ಬ್ಯಾಂಕರನ ಗೋಡೆಗೆ ಹೋದ ಈ ನೆಮ್ಮದಿ, ಹೊರಗೆ ಮುಗಿಯುತ್ತ ಬಂದಿದ್ದ ಒಂದು ಬದುಕಿನದು ಎಂಬುದು ನಿಜ.

ಫ್ರೀಡ್ರಿಕ್ ಬಯಲಿನಲ್ಲಿ ಕುಳಿತು ಬಣ್ಣ ಹಚ್ಚಿದವನಲ್ಲ. ಹೊರಗೆ ಪೆನ್ಸಿಲಿನಿಂದ ಮರ, ಬಂಡೆ, ಗೋಪುರಗಳನ್ನು ಒಂದೊಂದಾಗಿ ಬರೆದುಕೊಂಡು, ದಿನಾಂಕ ನಮೂದಿಸಿ, ವರ್ಷಗಳ ನಂತರ ಬೇಕಾದ್ದನ್ನು ಹೆಕ್ಕಿ ಜೋಡಿಸುತ್ತಿದ್ದ. ಒಂದೇ ಮರ ಹಲವು ಚಿತ್ರಗಳಲ್ಲಿ ಬರುವುದು ಈ ಕಾರಣಕ್ಕೆ. ಅವನ ಗೆಳೆಯ ಗೇಓರ್ಗ್ ಫ್ರೀಡ್ರಿಕ್ ಕೆರ್ಸ್ಟಿಂಗ್ 1811ರಲ್ಲಿ ಬರೆದ ಚಿತ್ರದಲ್ಲಿ ಈತನ ಕೆಲಸದ ಕೊಠಡಿ ಕಾಣುತ್ತದೆ: ಹೆಚ್ಚುಕಡಿಮೆ ಬರಿದು. ನಿಸರ್ಗವೆಲ್ಲ ಹೊರಗಿದೆ, ಚಿತ್ರ ಆ ಬೋಳು ಗೋಡೆಗಳ ನಡುವೆ ಆಗುತ್ತಿದೆ. ಮೋಡಗಳನ್ನು ವರ್ಗೀಕರಿಸಿದ ಇಂಗ್ಲೆಂಡಿನ ಲ್ಯೂಕ್ ಹವರ್ಡ್‌ನ ಪದ್ಧತಿಯಂತೆ ಮೋಡಗಳನ್ನು ಬರೆದುಕೊಡು ಎಂದು 1816ರಲ್ಲಿ ಕವಿ ಗಯಟೆ ಕೇಳಿಸಿದಾಗ ಫ್ರೀಡ್ರಿಕ್ ಒಪ್ಪಲಿಲ್ಲ. ಅವನದೇ ಮನೆಗೆ 1823ರಲ್ಲಿ ಬಂದು ಮೇಲಿನ ಮಹಡಿಯಲ್ಲಿ ನೆಲೆಸಿದ ನಾರ್ವೆಯ ಯೊಹಾನ್ ಕ್ರಿಶ್ಚಿಯನ್ ದಾಲ್ ಮಾತ್ರ ಕಿಟಕಿಯಿಂದ ಕಂಡ ಮೋಡವನ್ನು ಕಂಡ ಕ್ಷಣದಲ್ಲೇ ಎಣ್ಣೆಬಣ್ಣದಲ್ಲಿ ಹಿಡಿಯುತ್ತಿದ್ದ. ಒಂದೇ ಸೂರಿನಡಿ ಎರಡು ದಾರಿಗಳು. ಮುಂದಿನ ಪೀಳಿಗೆ ಹೆಚ್ಚಾಗಿ ಹಿಡಿದದ್ದು ದಾಲ್‌ನದನ್ನು.

ಹುಟ್ಟೂರನ್ನು ಬರೆದ ‘ಗ್ರೈಫ್ಸ್‌ವಾಲ್ಡ್ ಬಳಿಯ ಹುಲ್ಲುಗಾವಲು’ (1821–22) ಕೇವಲ 34.5×48.3 ಸೆಂ.ಮೀ. ಅಳತೆಯದು. ಚರ್ಚುಗಳ ಗೋಪುರಗಳೂ ಗಾಳಿಗಿರಣಿಗಳೂ ಬೆಳಕಿನ ಮಂಜಿನಲ್ಲಿ ತೇಲುತ್ತವೆ, ಇತ್ತ ಹಸಿರಿನಲ್ಲಿ ಕುದುರೆಗಳು. ಫ್ರೀಡ್ರಿಕ್‌ನ ಚಿತ್ರಗಳಲ್ಲಿ ಇಷ್ಟು ಹಗುರಾದದ್ದು ಇನ್ನೊಂದಿಲ್ಲ.

ರಿಕ್ಟರ್: ಎಲ್ಬೆಯ ದೋಣಿ

ಶಾಂತ ಹಳ್ಳಿಯ ಚಿತ್ರ ಎಂದರೆ ಸಾಮಾನ್ಯ ಜರ್ಮನ್ ಮನೆಗಳಲ್ಲಿ ನೂರು ವರ್ಷ ನೆನಪಾಗುತ್ತಿದ್ದುದು ಫ್ರೀಡ್ರಿಕ್ ಅಲ್ಲ, ಲುಡ್ವಿಗ್ ರಿಕ್ಟರ್. ಡ್ರೆಸ್ಡನ್ನಿನ ತಾಮ್ರಪಟ ಕೆತ್ತುವವನೊಬ್ಬನ ಮಗ. ಕ್ರಿಸ್ಟೋಫ್ ಆರ್ನಾಲ್ಡ್ ಎಂಬ ಪುಸ್ತಕ ಪ್ರಕಾಶಕ ಹಣ ಕೊಟ್ಟು ಇವನನ್ನು 1823ರಲ್ಲಿ ಇಟಲಿಗೆ ಕಳುಹಿಸಿದ. ರೋಮಿನಲ್ಲಿ ಕೋಖ್‌ನ ಪ್ರಭಾವದಲ್ಲಿ ಬೆಟ್ಟಗಳನ್ನು ಬರೆದ, 1826ರಲ್ಲಿ ಮರಳಿದ. 1828ರಿಂದ ಮೈಸೆನ್ ಪಿಂಗಾಣಿ ಕಾರ್ಖಾನೆಯ ಚಿತ್ರಶಾಲೆಯಲ್ಲಿ ಮೇಷ್ಟರಾಗಿ ಏಳು ವರ್ಷ ಸವೆಸಿದ. ಮನಸ್ಸು ಇಟಲಿಯಲ್ಲಿ, ಸಂಬಳ ಮೈಸೆನ್ನಿನಲ್ಲಿ. 1834ರಲ್ಲಿ ಮತ್ತೆ ಇಟಲಿಗೆ ಹೋಗುವ ಆಸೆ ಕೈಗೂಡದೆ ಹತ್ತಿರದ ಬೊಹೀಮಿಯದ ಎಲ್ಬೆ ಕಣಿವೆಗೆ ನಡೆದುಹೋದ. ಆಸಿಗ್ ಊರಿನ ಎದುರು, ಹೊಳೆಯ ಅಂಚಿನ ಕಡಿದಾದ ಬಂಡೆಯ ಮೇಲೆ ಶ್ರೆಕೆನ್‌ಸ್ಟೈನ್ ಕೋಟೆಯ ಪಾಳು. ಕೆಳಗೆ ದೋಣಿಗಡು. ದೋಣಿ ಹತ್ತಿದವರಲ್ಲಿ ಒಬ್ಬ ಮುದಿ ಹಾರ್ಪ್ ವಾದ್ಯಗಾರ. ಹೊಳೆದಾಟಿನ ಕಾಸಿಗೆ ಬದಲಾಗಿ ಅವನು ವಾದ್ಯ ನುಡಿಸಿದ ಎಂದು ರಿಕ್ಟರ್ ತನ್ನ ಆತ್ಮಕಥೆಯಲ್ಲಿ ನೆನೆಯುತ್ತಾನೆ.

ಆ ನೆನಪಿನಿಂದ ಆದದ್ದು ‘ಶ್ರೆಕೆನ್‌ಸ್ಟೈನ್ ಬಳಿ ಹೊಳೆದಾಟು’ (1837, 116.5×156.5 ಸೆಂ.ಮೀ.). ಸಂಜೆಯ ಬೆಳಕು, ಅಲುಗದ ನೀರು. ದೋಣಿಯಲ್ಲಿ ಅಂಬಿಗ, ಹಾರ್ಪ್ ನುಡಿಸುವ ಮುದುಕ, ಒಬ್ಬರನ್ನೊಬ್ಬರು ಬಿಟ್ಟು ಬೇರೇನೂ ಕಾಣದ ಯುವ ಜೋಡಿ, ಒಂದು ಮಗು, ಕೋಟೆಯತ್ತ ಕತ್ತೆತ್ತಿ ನಿಂತ ಯುವ ಪಯಣಿಗ. ಬಾಲ್ಯದಿಂದ ಮುಪ್ಪಿನ ವರೆಗೆ ಬದುಕಿನ ಎಲ್ಲ ಹಂತಗಳೂ ಒಂದೇ ದೋಣಿಯಲ್ಲಿ. ಎಲ್ಲರೂ ಹತ್ತಿರ ಕುಳಿತಿದ್ದಾರೆ, ಆದರೆ ಜೋಡಿಯನ್ನು ಬಿಟ್ಟರೆ ಯಾರೂ ಯಾರೊಡನೆಯೂ ಮಾತನಾಡುತ್ತಿಲ್ಲ. ದಾಸರ ಪದಗಳನ್ನು ಕೇಳಿ ಬೆಳೆದ ಓದುಗರಿಗೆ ಹೊಳೆ, ಅಂಬಿಗ, ಆಚೆಯ ದಡ ಇವುಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೆ ರಿಕ್ಟರ್ ಆಚೆಯ ದಡವನ್ನು ತೋರಿಸುವ ಗೋಜಿಗೆ ಹೋಗುವುದಿಲ್ಲ. ದೋಣಿ ನಡುನೀರಿನಲ್ಲೇ ಇದೆ. ಚಿತ್ರದ ಜಾಣತನ ಇರುವುದೇ ಅಲ್ಲಿ. ಕೋಟೆ, ಬಂಡೆ, ಸೂರ್ಯಾಸ್ತಗಳೆಲ್ಲ ಆ ಕಾಲದ ರೂಢಿಯ ಸರಕು. ಈ ದೋಣಿ ಇಲ್ಲದಿದ್ದರೆ ಚಿತ್ರ ಇಂದು ಮರೆತುಹೋಗಿರುತ್ತಿತ್ತು.

ಈ ಚಿತ್ರ ಮುಗಿದ 1837ರಲ್ಲಿಯೇ ಡ್ರೆಸ್ಡನ್ನಿನ ಎಲ್ಬೆಯಲ್ಲಿ ‘ರಾಣಿ ಮರಿಯಾ’ ಎಂಬ ಹಬೆಹಡಗು ಓಡಾಟ ಶುರುಮಾಡಿತು. ಎರಡು ವರ್ಷದಲ್ಲಿ ಲೈಪ್ಸಿಗ್–ಡ್ರೆಸ್ಡನ್ ರೈಲುಮಾರ್ಗ ತೆರೆಯಿತು. ಮುಂದೆ 1930ರ ದಶಕದಲ್ಲಿ ಕೋಟೆಯ ಕೆಳಗೇ ಅಣೆಕಟ್ಟು ಮುಗಿದು ಹೊಳೆಯ ಆ ಹರಿವೂ ಬದಲಾಯಿತು. ಆ ಜಾಗ ಈಗ ಜೆಕ್ ಗಣರಾಜ್ಯದ ಊಸ್ಟಿ ನಾದ್ ಲಾಬೆಮ್ ನಗರದ ಭಾಗ. ಕೋಟೆಯ ಹೆಸರು ಸ್ಟ್ರೆಕೊವ್. ರಿಕ್ಟರ್ ಕೇಳಿದ ಜರ್ಮನ್ ನುಡಿ ಅಲ್ಲಿ ಹೆಚ್ಚುಕಡಿಮೆ ಇಲ್ಲ: ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಜರ್ಮನ್ನರನ್ನು ಹೊರಹಾಕಲಾಯಿತು.

1836ರಿಂದ ಡ್ರೆಸ್ಡನ್ ಅಕಾಡೆಮಿಯಲ್ಲಿ ಕಲಿಸತೊಡಗಿದ ರಿಕ್ಟರ್ ಬಣ್ಣಕ್ಕಿಂತ ಹೆಚ್ಚಾಗಿ ಮರದಚ್ಚಿನಿಂದ ಜನರಿಗೆ ತಲುಪಿದ. ಗಟ್ಟಿ ಬಾಕ್ಸ್ ಮರವನ್ನು ಅಡ್ಡಲಾಗಿ ಕತ್ತರಿಸಿ, ಆ ಕೊನೆಯ ಮುಖದ ಮೇಲೆ ನವುರಾಗಿ ಕೆತ್ತಿದರೆ ಅಚ್ಚು ಸಾವಿರಾರು ಪ್ರತಿಗಳಿಗೂ ಸವೆಯುವುದಿಲ್ಲ. ಅಕ್ಷರದ ಮೊಳೆಗಳ ಜೊತೆಯಲ್ಲೇ ಕೂಡಿಸಿ ಒಂದೇ ಬಾರಿಗೆ ಮುದ್ರಿಸಬಹುದು. ಲೈಪ್ಸಿಗ್‌ನ ಗೇಓರ್ಗ್ ವೀಗಾಂಡ್‌ನಂಥ ಪ್ರಕಾಶಕರಿಗಾಗಿ ರಿಕ್ಟರ್ ಬರೆದುಕೊಟ್ಟ ಚಿತ್ರಗಳು ಸಾವಿರಗಳ ಲೆಕ್ಕದಲ್ಲಿವೆ: ಜನಪದ ಕಥೆ, ಹಾಡು, ಪಂಚಾಂಗ, ಮಕ್ಕಳ ಪುಸ್ತಕ. ಮನೆಬಾಗಿಲ ಕಟ್ಟೆ, ದ್ರಾಕ್ಷಿ ಚಪ್ಪರ, ಅಜ್ಜಿ, ನಾಯಿಮರಿ, ದುಂಡು ಮುಖದ ಮಕ್ಕಳು. ಇವು ಮುದ್ದಾಗಿವೆ ಎಂಬುದೇ ಇವುಗಳ ಶಕ್ತಿ, ಅದೇ ಮಿತಿ. ರಿಕ್ಟರ್‌ನ ಹಳ್ಳಿಯಲ್ಲಿ ಯಾರಿಗೂ ಹಸಿವಿಲ್ಲ.

ಕೊಂಡವರು ಯಾರು

ಈ ಚಿತ್ರಗಳನ್ನು ಕೊಂಡವರು ಹಳ್ಳಿಯವರಲ್ಲ. 1819ರ ಕಾರ್ಲ್ಸ್‌ಬಾಡ್ ನಿರ್ಣಯಗಳ ನಂತರ ಪತ್ರಿಕೆ, ವಿಶ್ವವಿದ್ಯಾನಿಲಯ, ಸಂಘಟನೆಗಳ ಮೇಲೆ ಬಿಗಿ ಕಣ್ಗಾವಲು ಬಿತ್ತು; ರಾಜಕೀಯ ಮಾತನಾಡಲಾಗದ ನಗರದ ಮಧ್ಯಮವರ್ಗ ಮನೆ, ಸಂಗೀತ, ಪುಸ್ತಕ, ಚಿತ್ರಗಳ ಕಡೆಗೆ ತಿರುಗಿತು. 1815ರಿಂದ 1848ರ ವರೆಗಿನ ಈ ಅವಧಿಯನ್ನು ಬೀಡರ್‌ಮಯರ್ ಕಾಲ ಎನ್ನುತ್ತಾರೆ. ಮ್ಯೂನಿಕ್ (1823), ಡ್ರೆಸ್ಡನ್ (1828), ಡ್ಯುಸೆಲ್ಡಾರ್ಫ್ (1829) ಹೀಗೆ ಒಂದರ ಹಿಂದೊಂದು ನಗರಗಳಲ್ಲಿ ಕಲಾಸಂಘಗಳು ಹುಟ್ಟಿದವು. ಸದಸ್ಯರು ವರ್ಷಕ್ಕೊಮ್ಮೆ ಚಂದಾ ಕಟ್ಟುತ್ತಿದ್ದರು. ಆ ಹಣದಿಂದ ಸಂಘ ಚಿತ್ರಗಳನ್ನು ಕೊಂಡು ಚೀಟಿ ಎತ್ತಿ ಸದಸ್ಯರಿಗೆ ಹಂಚುತ್ತಿತ್ತು. ಚೀಟಿ ಬಾರದವರಿಗೆ ಒಂದು ಅಚ್ಚಿನ ಚಿತ್ರ. ರಾಜನ ಮರ್ಜಿ ಕಾಯದೆ ಚಿತ್ರಕಾರ ಬದುಕುವ ದಾರಿಯೊಂದು ಹೀಗೆ ತೆರೆಯಿತು. ಆದರೆ ಯಾರ ಮನೆಗೆ ಹೋಗುವುದೋ ತಿಳಿಯದ ಚಿತ್ರ ಯಾರ ಮನಸ್ಸನ್ನೂ ಕಲಕಬಾರದು, ನಡುಮನೆಯ ಗೋಡೆಗೆ ಹಿಡಿಸಬೇಕು. ಚಿಕ್ಕ ಅಳತೆಯ ಶಾಂತ ಭೂದೃಶ್ಯಗಳು ಆ ಕಾಲದಲ್ಲಿ ಅಷ್ಟೊಂದು ಹುಟ್ಟಿದ್ದಕ್ಕೆ ಇದೂ ಒಂದು ಕಾರಣ. ನಿಸರ್ಗಪ್ರೇಮ ಒಂದನ್ನೇ ಹೇಳಿ ಮುಗಿಸುವ ಕಲಾ ಇತಿಹಾಸಗಳು ಈ ಚೀಟಿ ವ್ಯವಹಾರವನ್ನು ಅಡಿಟಿಪ್ಪಣಿಗೆ ತಳ್ಳುತ್ತವೆ, ಅದು ಸರಿಯಲ್ಲ.

1853ರಲ್ಲಿ ಲೈಪ್ಸಿಗ್‌ನಲ್ಲಿ ಶುರುವಾದ ‘ಗಾರ್ಟನ್‌ಲೌಬೆ’ ಎಂಬ ಕುಟುಂಬ ವಾರಪತ್ರಿಕೆ 1870ರ ದಶಕದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಪ್ರತಿಗಳಷ್ಟು ಮಾರಾಟವಾಗುತ್ತಿತ್ತು. ಅದರ ಪುಟಗಳ ಮೂಲಕ ಹಳ್ಳಿಯ ನೋಟಗಳು ಬಡ ಮನೆಗಳಿಗೂ ಬಂದವು. ಬಣ್ಣದ ಕಲ್ಲಚ್ಚಿನಲ್ಲಿ ಜರ್ಮನ್ ಮುದ್ರಕರು ಆಗ ಜಗತ್ತಿಗೇ ಹೆಸರಾಗಿದ್ದರು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯಕ್ಕೂ ಯಂತ್ರ ಮತ್ತು ತಂತ್ರಜ್ಞರು ಬಂದದ್ದು ಜರ್ಮನಿಯಿಂದ. ಅದನ್ನು ಮುಂದೆ ನಡೆಸಿದವನು ಫ್ರಿಟ್ಸ್ ಶ್ಲೈಖರ್ ಎಂಬ ಜರ್ಮನ್. ಕನ್ನಡ ನಾಡಿನ ಮನೆಗಳ ಲಕ್ಷ್ಮಿ ಸರಸ್ವತಿಯರ ಪಟಗಳ ಹಿಂದೆ ಈ ಕೈಗಳೂ ಇವೆ.

ಡ್ಯುಸೆಲ್ಡಾರ್ಫ್, ಮ್ಯೂನಿಕ್, ಕಾರ್ಲ್ಸ್‌ರೂಹ

ರೈನ್ ದಡದ ಡ್ಯುಸೆಲ್ಡಾರ್ಫ್‌ನಲ್ಲಿ ವಿದ್ಯಾರ್ಥಿಗಳಾಗಿದ್ದ ಶಿರ್ಮರ್ ಮತ್ತು ಕಾರ್ಲ್ ಫ್ರೀಡ್ರಿಕ್ ಲೆಸ್ಸಿಂಗ್ 1827ರಲ್ಲಿ ಭೂದೃಶ್ಯ ರಚನೆಗೆಂದೇ ಒಂದು ಕೂಟ ಕಟ್ಟಿಕೊಂಡರು. ಬೇಸಿಗೆಯಲ್ಲಿ ಐಫೆಲ್ ಬೆಟ್ಟಗಳಲ್ಲಿ ತಿರುಗಿ ಎಲೆ, ಬೇರು, ಪಾಚಿ, ಬಂಡೆಗಳನ್ನು ಎಣ್ಣೆಬಣ್ಣದಲ್ಲೇ ಅಭ್ಯಾಸ ಮಾಡುವುದು, ಚಳಿಗಾಲದಲ್ಲಿ ಒಳಗೆ ಕುಳಿತು ದೊಡ್ಡ ಚಿತ್ರ ಕಟ್ಟುವುದು ಇವರ ಕ್ರಮ. 1854ರಲ್ಲಿ ಶಿರ್ಮರ್ ಕಾರ್ಲ್ಸ್‌ರೂಹದ ಹೊಸ ಕಲಾಶಾಲೆಯ ಮೊದಲ ನಿರ್ದೇಶಕನಾಗಿ ಹೋದ. ಇವನ ಬೇಸಿಗೆಯ ಅಭ್ಯಾಸಚಿತ್ರಗಳೇ ಮುಗಿಸಿದ ಚಿತ್ರಗಳಿಗಿಂತ ಇಂದು ಜೀವಂತವಾಗಿ ಕಾಣುತ್ತವೆ. ಇವನ ಶಿಷ್ಯ ಆಂಡ್ರೆಯಾಸ್ ಆಖೆನ್‌ಬಾಖ್ ವೆಸ್ಟ್‌ಫಾಲಿಯದ ನೀರುಗಿರಣಿಗಳನ್ನು ಬರೆದು ಹೆಸರು ಮಾಡಿದ. ಈ ಶಾಲೆಯ ಕೀರ್ತಿ ಅಮೆರಿಕದ ವರೆಗೂ ಹರಡಿತ್ತು: 1849ರಲ್ಲಿ ನ್ಯೂಯಾರ್ಕ್‌ನಲ್ಲಿ ಡ್ಯುಸೆಲ್ಡಾರ್ಫ್ ಹೆಸರಿನದೇ ಚಿತ್ರಶಾಲೆ ತೆರೆಯಿತು. ಅಮೆರಿಕದ ಪಶ್ಚಿಮದ ಬೆಟ್ಟಗಳನ್ನು ಬರೆದು ಖ್ಯಾತನಾದ ಆಲ್ಬರ್ಟ್ ಬೀರ್‌ಸ್ಟಾಟ್ ಇಲ್ಲಿ ಪಳಗಿದವನು.

ಮ್ಯೂನಿಕ್‌ನ ಹಾದಿ ಬೇರೆ. ಔಷಧಿ ಅಂಗಡಿಯ ಕಸುಬು ಕಲಿತು, ಪಿತ್ರಾರ್ಜಿತ ಕೈಗೆ ಬಂದ ಮೇಲೆ ಯಾವ ಗುರುವಿನ ಬಳಿಗೂ ಹೋಗದೆ ಚಿತ್ರಕಾರನಾದ ಸ್ಪಿಟ್ಸ್‌ವೇಗ್ ತನ್ನ ನಗೆಚಿತ್ರಗಳಿಂದ ಜನಪ್ರಿಯ. 1851ರಲ್ಲಿ ಗೆಳೆಯ ಎಡುಆರ್ಡ್ ಶ್ಲೈಖ್‌ನೊಂದಿಗೆ ಪ್ಯಾರಿಸ್, ಲಂಡನ್ ಸುತ್ತಿ ಬಂದ ಮೇಲೆ ಇವನ ಬಣ್ಣ ಸಡಿಲವಾಯಿತು; ಬಾರ್ಬಿಜ಼ೋನ್ ಹಳ್ಳಿಯ ಫ್ರೆಂಚ್ ಚಿತ್ರಕಾರರ ಕೆಲಸ ಇಬ್ಬರ ಕಣ್ಣನ್ನೂ ತೆರೆಸಿತ್ತು. ಸಿಗಾರ್ ಪೆಟ್ಟಿಗೆಯ ಹಲಗೆಯಷ್ಟೇ ಅಗಲದ ಮರದ ಮೇಲೆ, ಎರಡು ದಿಣ್ಣೆ, ಒಂದಿಷ್ಟು ಬಿಸಿಲು, ಕೆಂಪು ಚುಕ್ಕೆಯಂಥ ಒಬ್ಬ ಹೆಂಗಸು, ಇಷ್ಟರಲ್ಲಿ ಸ್ಪಿಟ್ಸ್‌ವೇಗ್ ಇಡೀ ಮಧ್ಯಾಹ್ನವನ್ನು ಹಿಡಿಯುತ್ತಾನೆ. ನಗೆಚಿತ್ರಗಳಿಗಿಂತ ಇವು ಉತ್ತಮ. ಶ್ಲೈಖ್ ಮ್ಯೂನಿಕ್ ಸುತ್ತಲ ಜೌಗು ಬಯಲಿನ ಮೇಲೆ ಬೃಹತ್ತಾದ ಆಕಾಶ ಬರೆದ. ಆಡಾಲ್ಫ್ ಲೀರ್ ಫ್ರಾನ್ಸಿಗೇ ಹೋಗಿ ಝ್ಯೂಲ್ ದ್ಯುಪ್ರೆಯ ಬಳಿ ಇದ್ದು ಬಂದ. 1869ರ ಮ್ಯೂನಿಕ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಫ್ರೆಂಚ್ ಚಿತ್ರಕಾರ ಗುಸ್ತಾವ್ ಕೂರ್ಬೆಯ ಚಿತ್ರಗಳು ಬಂದವು. ಅವನ್ನು ಕಂಡ ವಿಲ್‌ಹೆಲ್ಮ್ ಲೈಬ್ಲ್ ಮುಂದೆ ಬವೇರಿಯದ ಹಳ್ಳಿಗಳಲ್ಲೇ ನೆಲೆಸಿದ. ಗೆಳೆಯ ಯೊಹಾನ್ ಸ್ಪೆರ್ಲ್ ಜೊತೆ ಸೇರಿ ಒಂದೇ ಕ್ಯಾನ್ವಾಸಿನಲ್ಲಿ ಈತ ಮನುಷ್ಯರನ್ನೂ ಆತ ಹುಲ್ಲುಗಾವಲನ್ನೂ ಬರೆದದ್ದುಂಟು.

ಹಳ್ಳಿಯಿಂದಲೇ ಬಂದವನು ಹಾನ್ಸ್ ತೋಮಾ. ಕಪ್ಪುಕಾಡಿನ ಬೆರ್ನಾವ್‌ನಲ್ಲಿ ಹುಟ್ಟಿ, ಗಡಿಯಾರಗಳ ಮುಖಪಟಕ್ಕೆ ಬಣ್ಣ ಹಚ್ಚುವ ಕೆಲಸವನ್ನೂ ಕಲಿತು, 1859ರಲ್ಲಿ ಕಾರ್ಲ್ಸ್‌ರೂಹಕ್ಕೆ ಬಂದು ಶಿರ್ಮರ್‌ನ ಶಿಷ್ಯನಾದ. 1868ರಲ್ಲಿ ಪ್ಯಾರಿಸ್‌ನಲ್ಲಿ ಕೂರ್ಬೆಯ ಕೆಲಸ ಕಂಡು ಹಿಂತಿರುಗಿ ಬರೆದ ಚಿತ್ರಗಳನ್ನು ಊರಿನ ರಸಿಕರು ಒರಟೆಂದು ಜರೆದರು. ‘ಸೆಕಿಂಗೆನ್ ಬಳಿಯ ರೈನ್’ (1873) ಆ ವರ್ಷಗಳದು: ಅಲಂಕಾರವಿಲ್ಲದ ಅಗಲವಾದ ನೀರು, ದಡ, ಬೆಳಕು. 1890ರಲ್ಲಿ ಮ್ಯೂನಿಕ್ ಕಲಾಸಂಘದ ಪ್ರದರ್ಶನದಿಂದ ತೋಮಾ ಇದ್ದಕ್ಕಿದ್ದಂತೆ ನಾಡಿನ ಪ್ರೀತಿಯ ಚಿತ್ರಕಾರನಾದ. 1899ರಲ್ಲಿ ಕಾರ್ಲ್ಸ್‌ರೂಹ ಚಿತ್ರಶಾಲೆಯ ನಿರ್ದೇಶಕನಾದ. ಕೀರ್ತಿ ಬಂದ ಮೇಲಿನ ಚಿತ್ರಗಳಲ್ಲಿ ಜಲಕನ್ಯೆಯರೂ ದೇವದೂತರೂ ಹೆಚ್ಚಿದರು, ನೆಲದ ವಾಸನೆ ಕಡಿಮೆಯಾಯಿತು.

ಶಾಂತಿ ಕದಡಿದವರು

ಎಲ್ಲರೂ ಸುಮ್ಮನೆ ಮುದ್ದು ಹಳ್ಳಿ ಬರೆಯಲಿಲ್ಲ. ಬರ್ಲಿನ್ ಅಕಾಡೆಮಿಯ ಭೂದೃಶ್ಯ ಪ್ರಾಧ್ಯಾಪಕನಾದ ಬ್ಲೆಖೆನ್ ಸುಮಾರು 1830ರಲ್ಲಿ ‘ನೊಯ್‌ಸ್ಟಾಟ್–ಎಬರ್ಸ್‌ವಾಲ್ಡ್‌ನ ಕಬ್ಬಿಣದ ಗಿರಣಿ’ ಬರೆದ. ಅಳತೆ ಚಿಕ್ಕದು. ಮುಂದೆ ನೀರು, ಮೀನು ಹಿಡಿಯುವ ಸಾಮಾನ್ಯ ಜನ. ಹಿಂದೆ ಹೊಗೆಯುಗುಳುವ ಚಿಮಣಿಗಳು. ಹೊಗೆಯನ್ನು ಬಯ್ಯುವುದೂ ಇಲ್ಲ, ಹೊಗಳುವುದೂ ಇಲ್ಲ. ಮೋಡ ಬರೆದಷ್ಟೇ ಸಹಜವಾಗಿ ಬರೆದಿದ್ದಾನೆ. ಅಡಾಲ್ಫ್ ಮೆನ್ಸೆಲ್ 1847ರಲ್ಲಿ ಬರ್ಲಿನ್–ಪೊಟ್ಸ್‌ಡಾಮ್ ರೈಲನ್ನು ಬರೆದ: ಊರಂಚಿನ ಪಾಳುನೆಲದ ನಡುವೆ ಹಳಿ ಬಾಗಿ ಬರುತ್ತದೆ, ಅದರ ಮೇಲೆ ರೈಲು. ಯಾಕೋಬ್ ಬೆಕರ್‌ನ ‘ಸಿಡಿಲು ಬಡಿದು ಸತ್ತ ಕುರುಬ’ (1844) ಫ್ರಾಂಕ್‌ಫರ್ಟಿನ ಷ್ಟೇಡೆಲ್ ಸಂಗ್ರಹದಲ್ಲಿದೆ. ಫ್ರೀಡ್ರಿಕ್‌ನ ಕುರುಬನ ಪಕ್ಕದಲ್ಲಿಟ್ಟು ನೋಡಬೇಕಾದ ಚಿತ್ರ. ಅದೇ ವರ್ಷ ಸೈಲೀಸಿಯದ ನೇಕಾರರು ದಂಗೆಯೆದ್ದರು. ಡ್ಯುಸೆಲ್ಡಾರ್ಫ್‌ನ ಕಾರ್ಲ್ ವಿಲ್‌ಹೆಲ್ಮ್ ಹ್ಯೂಬ್ನರ್ ಅವರ ಸಂಕಟವನ್ನೇ ವಸ್ತುವಾಗಿಸಿ ಚಿತ್ರ ಬರೆದ. ಮ್ಯಾಕ್ಸ್ ಲೀಬರ್‌ಮನ್ 1870ರ ದಶಕದಲ್ಲಿ ಹೆಬ್ಬಾತಿನ ಪುಕ್ಕ ಕೀಳುವ, ಆಲೂಗಡ್ಡೆ ಅಗೆಯುವ ಹೆಂಗಸರನ್ನು ಬರೆದಾಗ ವಿಮರ್ಶಕರು ಕುರೂಪದ ಚಿತ್ರಕಾರ ಎಂದು ಮೂಗುಮುರಿದರು. ಬೆನ್ನು ಬಗ್ಗಿದ ಹೆಂಗಸನ್ನು ಕುರೂಪ ಎಂದವರ ಕಣ್ಣಿಗೆ ಯಾವ ಹಳ್ಳಿ ಬೇಕಿತ್ತು ಎಂಬುದು ಅದರಿಂದಲೇ ತಿಳಿಯುತ್ತದೆ.

ಶತಮಾನದ ಕೊನೆಗೆ ಚಿತ್ರಕಾರರೇ ನಗರ ಬಿಟ್ಟು ಹಳ್ಳಿಗೆ ಬಂದರು. ಬ್ರೆಮೆನ್ ಬಳಿಯ ವೋರ್ಪ್ಸ್‌ವೇಡ ಹಳ್ಳಿಯಲ್ಲಿ 1889ರಲ್ಲಿ ಫ್ರಿಟ್ಸ್ ಮಾಕೆನ್ಸೆನ್, ಒಟ್ಟೊ ಮೋಡರ್‌ಸೋನ್, ಹಾನ್ಸ್ ಆಮ್ ಎಂಡೆ ನೆಲೆಸಿದರು. ಸುತ್ತಲೂ ಪೀಟ್ ಎಂಬ ಉರುವಲು ಮಣ್ಣಿನ ಜೌಗು, ಅದನ್ನು ಕಡಿದು ಸಾಗಿಸುವ ಕಾಲುವೆಗಳು, ಬರ್ಚ್ ಮರಗಳು. ಆ ಜೌಗಿನಲ್ಲಿ ಬೇಸಾಯಕ್ಕೆ ಇಳಿದ ಮೊದಲ ತಲೆಮಾರಿಗೆ ಸಾವು, ಎರಡನೆಯದಕ್ಕೆ ಕಷ್ಟ, ಮೂರನೆಯದಕ್ಕೆ ರೊಟ್ಟಿ ಎಂಬ ಮಾತು ಅಲ್ಲಿ ರೂಢಿಯಲ್ಲಿತ್ತು. 1895ರ ಮ್ಯೂನಿಕ್ ಪ್ರದರ್ಶನದಲ್ಲಿ ಇವರಿಗೆ ಕೀರ್ತಿ ಬಂತು. 1903ರಲ್ಲಿ ಕವಿ ರಿಲ್ಕೆ ಇವರನ್ನು ಕುರಿತು ಪುಸ್ತಕ ಬರೆದ. 1898ರಲ್ಲಿ ಇಲ್ಲಿಗೆ ಬಂದ ಪೌಲಾ ಬೆಕರ್ (ಮುಂದೆ ಮೋಡರ್‌ಸೋನ್–ಬೆಕರ್) ಜೌಗಿನ ಬಡ ಮಕ್ಕಳನ್ನೂ ಮುದುಕಿಯರನ್ನೂ ಬರೆಯುತ್ತ 20ನೆಯ ಶತಮಾನದ ಕಲೆಗೆ ದಾಟಿಹೋದಳು. ಆ ಗುಂಪಿನಲ್ಲಿ ನಿಜವಾದ ಪ್ರತಿಭೆ ಅವಳದು.

ಆಮೇಲೆ

ಫ್ರೀಡ್ರಿಕ್ ಸತ್ತಾಗ ಅವನನ್ನು ಬಹುಮಟ್ಟಿಗೆ ಮರೆಯಲಾಗಿತ್ತು. ದಾಲ್‌ನ ಬಗ್ಗೆ ಹುಡುಕುತ್ತಿದ್ದ ನಾರ್ವೆಯ ವಿದ್ವಾಂಸ ಆಂಡ್ರೆಯಾಸ್ ಔಬರ್ಟ್ ಅವನನ್ನು ಮತ್ತೆ ಬೆಳಕಿಗೆ ತಂದ. 1906ರಲ್ಲಿ ಬರ್ಲಿನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿ 1775–1875ರ ಜರ್ಮನ್ ಕಲೆಯ ಬೃಹತ್ ಪ್ರದರ್ಶನ ನಡೆದಾಗ ಫ್ರೀಡ್ರಿಕ್, ಬ್ಲೆಖೆನ್ ಇಬ್ಬರೂ ಹೊಸ ಕಣ್ಣುಗಳಿಗೆ ಬಿದ್ದರು. ಆ ಚಿತ್ರಶಾಲೆ ಹುಟ್ಟಿದ್ದೇ ವಾಗೆನರ್ 1861ರಲ್ಲಿ ಉಯಿಲಿನ ಮೂಲಕ ಬಿಟ್ಟುಹೋದ 262 ಚಿತ್ರಗಳಿಂದ. ಹಾಗೆಯೇ ‘ಒಂಟಿ ಮರ’ ಅಲ್ಲಿಗೆ ಸೇರಿದ್ದು. 1931ರ ಜೂನ್ 6ರಂದು ಮ್ಯೂನಿಕ್‌ನ ಗಾಜಿನ ಅರಮನೆಗೆ ಬೆಂಕಿ ಬಿದ್ದು, ಅಲ್ಲಿದ್ದ ರೊಮ್ಯಾಂಟಿಕ್ ಕಾಲದ ಚಿತ್ರಗಳ ವಿಶೇಷ ಪ್ರದರ್ಶನದಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು ಸುಟ್ಟುಹೋದವು, ಫ್ರೀಡ್ರಿಕ್‌ನವೂ ಅವುಗಳಲ್ಲಿದ್ದವು.

ನಾತ್ಸಿಗಳು ಈ ಪರಂಪರೆಯನ್ನು ‘ರಕ್ತ ಮತ್ತು ನೆಲ’ದ ತಮ್ಮ ಸಿದ್ಧಾಂತಕ್ಕೆ ಎಳೆದುಕೊಂಡರು. 1937ರಲ್ಲಿ ಮ್ಯೂನಿಕ್‌ನಲ್ಲಿ ಅವರು ನಡೆಸಿದ ‘ಮಹಾ ಜರ್ಮನ್ ಕಲಾಪ್ರದರ್ಶನ’ದಲ್ಲಿ ಭೂದೃಶ್ಯಗಳದೇ ದೊಡ್ಡ ಪಾಲು. ವೋರ್ಪ್ಸ್‌ವೇಡದ ಮಾಕೆನ್ಸೆನ್ ಅವರ ಜೊತೆ ಸೇರಿದ. ಅದೇ ಗುಂಪಿನ ಹೈನ್ರಿಕ್ ಫೋಗೆಲರ್ ಕಮ್ಯುನಿಸ್ಟನಾಗಿ ಸೋವಿಯತ್ ದೇಶಕ್ಕೆ ಹೋಗಿ 1942ರಲ್ಲಿ ಕಜಾಕಿಸ್ತಾನದಲ್ಲಿ ಸತ್ತ. ಜೌಗುಬಯಲಿನ ಬೆಳಕನ್ನು ಹುಡುಕಿ ಚಿತ್ರಕಾರ ಆಡಾಲ್ಫ್ ಹೋಲ್ಸೆಲ್ ಮತ್ತು ಗೆಳೆಯರು ನೆಲೆಸಿದ್ದ, ಮ್ಯೂನಿಕ್ ಬಳಿಯ ಊರಿನ ಹೆಸರು ಡಾಖಾವ್. ನಾತ್ಸಿಗಳ ಸೆರೆಶಿಬಿರದಿಂದಾಗಿ 1933ರ ನಂತರ ಆ ಹೆಸರಿಗೆ ಉಳಿದ ಅರ್ಥ ಲೋಕಕ್ಕೆ ಗೊತ್ತು. ಇದಕ್ಕೆಲ್ಲ ಫ್ರೀಡ್ರಿಕ್ ಅಥವಾ ರಿಕ್ಟರ್ ಹೊಣೆಯಲ್ಲ. ಆದರೆ ಯುದ್ಧಾನಂತರ ದಶಕಗಳ ಕಾಲ ವಿದ್ವಾಂಸರು ಈ ಚಿತ್ರಗಳ ಬಗ್ಗೆ ಹಿಂಜರಿದೇ ಮಾತನಾಡಿದ್ದಕ್ಕೆ ಇದೇ ಕಾರಣ. ಫ್ರೀಡ್ರಿಕ್ ಹುಟ್ಟಿ 250 ವರ್ಷ ತುಂಬಿದ 2024ರ ಸುಮಾರಿಗೆ ಹ್ಯಾಂಬರ್ಗ್, ಬರ್ಲಿನ್, ಡ್ರೆಸ್ಡನ್ನುಗಳಲ್ಲಿ ನಡೆದ ಪ್ರದರ್ಶನಗಳಿಗೆ ಬಂದ ಜನಸಂದಣಿ ನೋಡಿದರೆ ಆ ಹಿಂಜರಿಕೆ ಈಗ ಉಳಿದಿಲ್ಲ.

ಗ್ರೈಫ್ಸ್‌ವಾಲ್ಡ್ ಹುಲ್ಲುಗಾವಲಿನ ಚಿತ್ರ ಹ್ಯಾಂಬರ್ಗ್‌ನ ಕುನ್ಸ್ಟ್‌ಹಾಲೆಯಲ್ಲಿದೆ. ‘ಒಂಟಿ ಮರ’, ಬ್ಲೆಖೆನ್‌ನ ಗಿರಣಿ, ಮೆನ್ಸೆಲ್‌ನ ರೈಲು, ತೋಮಾನ ರೈನ್ ಬರ್ಲಿನ್ನಿನ ಹಳೆಯ ರಾಷ್ಟ್ರೀಯ ಚಿತ್ರಶಾಲೆಯಲ್ಲಿವೆ. ಸ್ಪಿಟ್ಸ್‌ವೇಗ್‌ನ ದೊಡ್ಡ ಸಂಗ್ರಹ ಶ್ವೈನ್‌ಫುರ್ಟ್‌ನ ಗೇಓರ್ಗ್ ಶೇಫರ್ ಸಂಗ್ರಹಾಲಯದಲ್ಲಿದೆ. ಮ್ಯೂನಿಕ್‌ನ ನೊಯೆ ಪಿನಾಕೊಟೆಕ್ 2018ರ ಕೊನೆಯಲ್ಲಿ ದೀರ್ಘ ನವೀಕರಣಕ್ಕಾಗಿ ಮುಚ್ಚಿತು, ಆದ್ದರಿಂದ ಅಲ್ಲಿಗೆ ಹೊರಡುವವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಒಂದೇ ಊರು ನೋಡಲು ಸಮಯವಿದ್ದರೆ ಡ್ರೆಸ್ಡನ್ ಆರಿಸಿಕೊಳ್ಳಬೇಕು: ಅಲ್ಲಿನ ಆಲ್ಬರ್ಟೀನಮ್ ಸಂಗ್ರಹದಲ್ಲಿ ರಿಕ್ಟರ್‌ನ ದೋಣಿಯೂ, ಫ್ರೀಡ್ರಿಕ್ ಸುಮಾರು 1832ರಲ್ಲಿ ಎಲ್ಬೆ ದಡದ ಹುಲ್ಲುಬಯಲನ್ನು ಬರೆದ ‘ದೊಡ್ಡ ಗೆಹೆಗೆ’ಯೂ ಇವೆ.